ಏಳೂವರೆ ನಿಮಿಷ

ಬಮ್ಮಿಗಟ್ಟಿಯ ಮಡಿವಾಳೆಪ್ಪನ ಮಗಳು ರೋಹಿಣಿ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸಾವಿರದ ಆರುನೂರು ಮೀಟರನ್ನು ಆರು ನಿಮಿಷ ಹತ್ತು ಸೆಕೆಂಡಿನಲ್ಲಿ ಓಡುತ್ತಿದ್ದಳು. ಅದೂ ಬರಿಗಾಲಲ್ಲಿ, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದುಕೊಂಡು. ಈ ಸಂಗತಿ ಗೊತ್ತಿದ್ದವರು ಇಬ್ಬರೇ. ಒಬ್ಬಳು ಅವಳೇ, ಇನ್ನೊಬ್ಬ ಅವಳ ತಮ್ಮ ಪ್ರತಾಪ.

ಅದು ಎರಡು ಸಾವಿರದ ಆರನೆಯ ಇಸವಿಯ ಮಾತು. ಪ್ರತಾಪನಿಗೆ ಸೈನ್ಯ ಸೇರುವ ಹುಚ್ಚು ಹತ್ತಿತ್ತು. ಭರ್ತಿಯಲ್ಲಿ ಮೊದಲು ಓಡಿಸುತ್ತಾರೆ, ಐದೂವರೆ ಆರು ನಿಮಿಷದೊಳಗೆ ಮುಟ್ಟದವನನ್ನು ಹಗ್ಗ ಅಡ್ಡ ಹಿಡಿದು ಅಲ್ಲೇ ಹಿಂದಕ್ಕೆ ಕಳಿಸುತ್ತಾರೆ ಎಂದು ಯಾರೋ ಹೇಳಿದ್ದರು. ಅವನೋ ಒಬ್ಬನೇ ಓಡುವಾಗ ಅರ್ಧ ದಾರಿಗೆ ಪಕ್ಕೆ ಹಿಡಿದುಕೊಂಡು ಕೂತುಬಿಡುತ್ತಿದ್ದ. ಮುಂದೊಬ್ಬರು ಎಳೆಯುವವರು ಬೇಕಿತ್ತು. ನಸುಕಿನಲ್ಲಿ ಯಾರೂ ನೋಡುವುದಿಲ್ಲವೆಂದು ಮಡಿವಾಳೆಪ್ಪ ಮಗಳನ್ನೇ ಎಬ್ಬಿಸಿ ಕಳಿಸಿದ. ಗೋವಿನಜೋಳದ ಹೊಲಗಳ ನಡುವಿನ ಕೆಮ್ಮಣ್ಣಿನ ದಾರಿಯಲ್ಲಿ ಐದು ತಿಂಗಳು ಅಕ್ಕ ಮುಂದೆ, ತಮ್ಮ ಹಿಂದೆ. ಮನೆಯಲ್ಲಿ ಇದ್ದದ್ದು ಒಂದೇ ಜೊತೆ ಕ್ಯಾನ್ವಾಸ್ ಬೂಟು. ಅದು ಅವನ ಕಾಲಿಗೆ. ನಾಲ್ಕು ತಿಂಗಳವರೆಗೆ ಅವನಿಗೆ ಅವಳ ಬೆನ್ನೇ ಕಾಣುತ್ತಿತ್ತು. ಐದನೆಯ ತಿಂಗಳಲ್ಲಿ ಒಂದು ದಿನ ಅವನು ಅವಳನ್ನು ದಾಟಿದ. ಅವತ್ತು ಅವನು ಕುಣಿದ, ಅವಳೂ ನಕ್ಕಳು. ಮನೆಗೆ ಬಂದು ಕೊಟ್ಟಿಗೆಯಲ್ಲಿ ಸೆಗಣಿ ಬಾಚುವಾಗ ಮಾತ್ರ ಅವಳ ಕಣ್ಣು ಏಕೋ ಒದ್ದೆಯಾದವು.

ಧಾರವಾಡದ ಕ್ರೀಡಾಂಗಣದಲ್ಲಿ ಭರ್ತಿ. ಬುತ್ತಿ ಕಟ್ಟಿಕೊಂಡು ಅಪ್ಪ, ಮಗ, ಮಗಳು ಮೂವರೂ ಹೋದರು. ರೋಹಿಣಿ ತಂತಿ ಬೇಲಿಯ ಹೊರಗೆ ನಿಂತು ತಂಡ ತಂಡವಾಗಿ ಓಡುವ ಹುಡುಗರನ್ನು ನೋಡಿದಳು. ಬಾಯೊಳಗೇ ಸೆಕೆಂಡು ಎಣಿಸಿದಳು. ಅರ್ಧಕ್ಕರ್ಧ ಹುಡುಗರು ಅವಳಿಗಿಂತ ಹಿಂದೆ ಬಿದ್ದರು. ಅವಳಿಗೆ ತಡೆಯಲಾಗಲಿಲ್ಲ. ಗೇಟಿನಲ್ಲಿದ್ದ ಜವಾನನ ಹತ್ತಿರ ಹೋಗಿ, ಬರುವಷ್ಟು ಹಿಂದಿಯಲ್ಲಿ, ಹುಡುಗಿಯರ ಭರ್ತಿ ಯಾವಾಗ ಎಂದು ಕೇಳಿದಳು. ಆತ ಹಾಸ್ಯ ಮಾಡಲಿಲ್ಲ. ಡಾಕ್ಟರು, ನರ್ಸು, ಆಫೀಸರು ಆಗಬಹುದು ತಂಗಿ, ಜವಾನರಲ್ಲಿ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುವುದಿಲ್ಲ ಎಂದು ತಿಳಿಸಿ ಹೇಳಿದ. ಹಾಸ್ಯ ಮಾಡಿದ್ದು ಅಪ್ಪ. ಕಲಘಟಗಿ ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಆತ ಅದನ್ನೇ ಹೇಳಿದ.

“ನಮ್ಮ ರೋಹಿಣಿ ಮಿಲಿಟ್ರಿಗೆ ಹೊಂಟಿದ್ಲ್ರಿ. ನಾಳೆ ಮದುವಿ ಆದ್ರ ಬಂದೂಕ ಗಂಡನ ಕೈಯಾಗ ಕೊಟ್ಟು ರೊಟ್ಟಿ ಬಡ್ಯಾಕ ಬರ್ತಾಳ.”

ಬಸ್ಸಿಗೆ ಬಸ್ಸೇ ನಕ್ಕಿತು. ಪ್ರತಾಪನೂ ನಕ್ಕ.

ಅವನು ಆಯ್ಕೆಯಾದ. ಊರು ಹಾರ ಹಾಕಿತು, ರೋಹಿಣಿ ಆರತಿ ಎತ್ತಿದಳು. ಹೊರಡುವಾಗ ಅವನು ಆ ಕ್ಯಾನ್ವಾಸ್ ಬೂಟುಗಳನ್ನು ತೊಳೆದು ಒಣಗಿಸಿ, ಇವು ನಿನಗೆ ಅಕ್ಕಾ ಎಂದು ಕೊಟ್ಟುಹೋದ. ಬಸ್ಸು ತಿರುವು ದಾಟಿದ್ದೇ ತಡ, ಅವಳು ಅವನ್ನು ತಿಪ್ಪೆಗೆ ಎಸೆದಳು. ತಾಯಿ ನೀಲಕ್ಕ ಕೇಳಿದಾಗ ಹರಿದಿದ್ದವು ಎಂದಳು. ತಮ್ಮನ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಪ್ರೀತಿಯೂ ಇತ್ತು, ಹೊಟ್ಟೆಕಿಚ್ಚೂ ಇತ್ತು. ಒಂದೇ ಮನೆಯ ಇಬ್ಬರು ನೆಗೆಣ್ಣಿಯರ ಹಾಗೆ ಅವೆರಡೂ ಅವಳೊಳಗೆ ಒಲೆ ಬೇರೆ ಮಾಡದೆ ಬಾಳಿದವು.

ಮರುವರ್ಷ ಅವಳನ್ನು ಶಲವಡಿಯ ಗೌರೀಶನಿಗೆ ಕೊಟ್ಟರು. ಕೆಮ್ಮಣ್ಣು ಹೋಗಿ ಕಪ್ಪು ಎರಿಮಣ್ಣು ಬಂತು. ಮಳೆಗಾಲದಲ್ಲಿ ಆ ಮಣ್ಣಿನ ಮೇಲೆ ಓಡುವುದಿರಲಿ, ನಡೆದರೆ ಕಾಲಿಗೆ ಎರಡೆರಡು ಸೇರು ಮೆತ್ತಿಕೊಳ್ಳುತ್ತದೆ. ಗೌರೀಶ ಒಳ್ಳೆಯವನು, ಕಡಲೆ ಹತ್ತಿ ಬೆಳೆಯುವ ಮಿತಭಾಷಿ. ಹೆಂಡತಿ ಮನೆಯಲ್ಲಿ ಕೂತು ಒಳಗೊಳಗೇ ಕುದಿಯುವುದನ್ನು ಕಂಡು, ಕಾರಣ ಕೇಳದೆ, ಬಸ್‌ಸ್ಟ್ಯಾಂಡಿನ ಬಾಜು ಒಂದು ಗೂಡಂಗಡಿ ಹಿಡಿದುಕೊಟ್ಟ. ಅವಳು ಕಂಪ್ಯೂಟರ್ ಕಲಿತಳು. ಝೆರಾಕ್ಸ್, ಪಹಣಿ, ಬೆಳೆವಿಮೆ, ರೇಷನ್ ಕಾರ್ಡು, ಪರೀಕ್ಷೆಯ ಅರ್ಜಿ. ಹದಿನೇಳು ವರ್ಷದಲ್ಲಿ ಸುತ್ತಲ ಊರುಗಳಿಗೆ ಅವಳು ಆನ್‌ಲೈನ್ ಅಕ್ಕಾರಾದಳು. ಮಗ ಧಾರವಾಡದ ಹಾಸ್ಟೆಲ್ಲಿನಲ್ಲಿ ಓದಲು ಹೋದ. ಅವಳ ಮೈ ತುಂಬಿತು, ಮೊಣಕಾಲು ಹಿಡಿಯಿತು. ರಸ್ತೆಯ ಮೇಲೆ ಯಾರಾದರೂ ಓಡುತ್ತಿದ್ದರೆ ಮಾತ್ರ ಅವಳ ಬಾಯಿ ಇನ್ನೂ ತನ್ನಷ್ಟಕ್ಕೆ ಎಣಿಸುತ್ತಿತ್ತು.

ಪ್ರತಾಪ ಅಷ್ಟರಲ್ಲಿ ಹವಾಲ್ದಾರನಾಗಿದ್ದ. ವರ್ಷಕ್ಕೊಮ್ಮೆ ಬರುತ್ತಿದ್ದ, ಹಿಮದ ಕಥೆ, ಗಡಿಯ ಕಥೆ ಹೇಳುತ್ತಿದ್ದ. ಅವಳು ಕೇಳುತ್ತಿದ್ದಳು, ಚಹಾ ಕೊಡುತ್ತಿದ್ದಳು. ಇಷ್ಟು ವರ್ಷದಲ್ಲಿ ಆ ಕಿಚ್ಚಿಗೂ ಬೂದಿ ಕವಿದಿತ್ತು. ಒಂದು ರವಿವಾರ ಅವನು ಫೋನು ಮಾಡಿ ಆ ಬೂದಿಯನ್ನು ಊದಿಬಿಟ್ಟ.

ಅವನ ಯುನಿಟ್ಟಿಗೆ ಹುಡುಗಿಯರು ಬಂದಿದ್ದರು. ಆಫೀಸರುಗಳಲ್ಲ, ಜವಾನರು, ಮಿಲಿಟರಿ ಪೊಲೀಸಿನವರು. ಮಣಿಪುರದವಳೊಬ್ಬಳು, ಪಂಜಾಬದವಳೊಬ್ಬಳು, ಕೇರಳದ ಮೀನುಗಾರರ ಮಗಳೊಬ್ಬಳು. ಮೊದಲು ಹಳೆಯ ಹವಾಲ್ದಾರರೆಲ್ಲ ಗೊಣಗಿದರಂತೆ. ಸಾಹೇಬರು ಎಲ್ಲರನ್ನೂ ಕೂರಿಸಿ ಎರಡು ತಾಸು ಪಾಠ ಹೇಳಿದರಂತೆ: ಇವರು ಅತಿಥಿಗಳಲ್ಲ, ನಿಮ್ಮ ಸಾಥಿಗಳು, ಚೇಷ್ಟೆಯ ಮಾತಾಡಿದವನಿಗೆ ಶಿಕ್ಷೆ, ಕನಿಕರ ತೋರಿಸಿ ಕೆಲಸ ಕಡಿಮೆ ಕೊಟ್ಟವನಿಗೂ ಶಿಕ್ಷೆ. ಈಗ ಗೇಟಿನಲ್ಲಿ ಆ ಮಣಿಪುರದ ಹುಡುಗಿ ನಿಂತರೆ ಕರ್ನಲ್ಲನ ಗಾಡಿಯೂ ನಿಲ್ಲಬೇಕು ಎಂದು ಪ್ರತಾಪ ಹೆಮ್ಮೆಯಿಂದ ಹೇಳಿದ.

“ಮೊದ್ಲು ನಮಗೂ ಸರಿ ಅನ್ನಿಸಿರಲಿಲ್ಲ ಅಕ್ಕಾ. ಈಗ ನೋಡಿದ್ರ, ಇಷ್ಟು ದಿನ ಇವರನ್ನ ಯಾಕ ತಗೊಂಡಿರಲಿಲ್ಲೋ ಅನ್ನಿಸ್ತೈತಿ. ಅವರ ಓಟ ನೋಡಬೇಕು ನೀ.”

ರೋಹಿಣಿ ಕೇಳಿದಳು: “ನಾ ಹೆಂಗ ಓಡ್ತಿದ್ದೆ, ನೆನಪೈತೇನು?”

“ನೀ ಓಡ್ತಿದ್ದೆಲ್ಲಾ, ನನ್ನ ಕೂಡ,” ಎಂದ ಪ್ರತಾಪ.

ಕೂಡ. ನಾಲ್ಕು ತಿಂಗಳು ಅವನ ಮುಂದೆ ಓಡಿದ್ದು ಅವನ ಬಾಯಲ್ಲಿ ಬರೀ ಕೂಡ ಆಗಿಹೋಗಿತ್ತು.

ಅದಾದ ಹದಿನೈದು ದಿನಕ್ಕೆ, ಮಾರ್ಚಿನ ಒಂದು ಮಧ್ಯಾಹ್ನ, ಗಾದಿ ಅಕ್ಬರಸಾಬನ ಮಗಳು ತಬಸುಮ್ ಅಂಗಡಿಗೆ ಬಂದಳು. ಅಕ್ಬರಸಾಬ ಹತ್ತಿ ಹಿಂಜಿ ಗಾದಿ ಹೊಲಿಯುವವನು. ಹೊಲಿಗೆಯ ಸಾಮಾನು ಹೇರಿಕೊಂಡು ಊರೂರು ತಿರುಗುವವನು. ರೋಹಿಣಿಯ ಮದುವೆಯ ಗಾದಿಯನ್ನೂ ಅವನೇ ಹೊಲಿದಿದ್ದ. ಮಗಳು ಅಣ್ಣಿಗೇರಿಯಲ್ಲಿ ಪಿಯುಸಿ ಮುಗಿಸಿದ್ದಳು. ಹದಿನೆಂಟು ವಯಸ್ಸು, ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ. ಅಗ್ನಿವೀರ ಅರ್ಜಿ ಹಾಕಬೇಕಿತ್ತು, ಮಿಲಿಟರಿ ಪೊಲೀಸಿಗೆ.

ರೋಹಿಣಿ ಕುರ್ಚಿ ತೋರಿಸಿ ಸೂಚನೆಗಳನ್ನು ತೆರೆದಳು. ವಯಸ್ಸು, ಎತ್ತರ, ಮದುವೆಯಾಗಿರಬಾರದು. ಕೆಳಗೆ ಓಟದ ಸಾಲು ಬಂತು. ಹುಡುಗಿಯರಿಗೆ ಸಾವಿರದ ಆರುನೂರು ಮೀಟರು, ಏಳೂವರೆ ನಿಮಿಷ. ಅವಳು ಆ ಸಾಲನ್ನು ಎರಡು ಸಲ ಓದಿದಳು. ಏಳೂವರೆ. ಹತ್ತೊಂಬತ್ತರಲ್ಲಿ ತಾನು ಅಷ್ಟು ಹೊತ್ತಿಗೆ ಓಡಿ ಮುಗಿಸಿ, ಉಸಿರು ಸುಧಾರಿಸಿಕೊಂಡು, ತಮ್ಮನಿಗೆ ಬೈಯುತ್ತ ನಿಂತಿರುತ್ತಿದ್ದಳು.

ಅಕ್ಬರಸಾಬನ ಫೋನಿಗೆ ರಿಚಾರ್ಜ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ತಬಸುಮ್‌ಗೆ ಸ್ವಂತ ಮೇಲ್ ಇರಲಿಲ್ಲ. ಅಂಥವರಿಗೆ ಮಾಡುವಂತೆ ರೋಹಿಣಿ ಅಂಗಡಿಯ ಮೇಲ್ ವಿಳಾಸವನ್ನೂ ತನ್ನ ಮೊಬೈಲ್ ನಂಬರನ್ನೂ ಹಾಕಿ ಅರ್ಜಿ ತುಂಬಿದಳು. ಕಾಗದ ಪತ್ರ ಏನೇ ಬಂದರೂ ಇಲ್ಲಿಗೇ ಬರುತ್ತದೆ, ಹೇಳುತ್ತೇನೆ ಎಂದಳು. ಹುಡುಗಿ ನಂಬಿ ಹೋದಳು.

ಮರುವಾರದಿಂದ ರೋಹಿಣಿ ನಸುಕಿನಲ್ಲೇ ಎದ್ದು, ಹೊಲದ ಕಡೆ ಹೋಗಿ ಬರುತ್ತೇನೆಂದು ಗಂಡನಿಗೆ ಹೇಳಿ, ಅಣ್ಣಿಗೇರಿ ರಸ್ತೆಯತ್ತ ಹೋಗತೊಡಗಿದಳು. ಅಲ್ಲಿ ತಬಸುಮ್ ಓಡುತ್ತಿದ್ದಳು. ಓಟವಷ್ಟೇ ಆಗಿದ್ದರೆ ರೋಹಿಣಿ ತಡೆದುಕೊಳ್ಳುತ್ತಿದ್ದಳೇನೋ. ರಸ್ತೆಯ ಪಕ್ಕದ ಕಲ್ಲಿನ ಮೇಲೆ ಅಕ್ಬರಸಾಬ ಕೂತಿರುತ್ತಿದ್ದ, ಟೊಪ್ಪಿ ಹಾಕಿಕೊಂಡು, ಕೈಯಲ್ಲಿ ಮೊಬೈಲ್ ಹಿಡಿದು. ಮೊಬೈಲಿನಲ್ಲಿ ಗಡಿಯಾರದ ಸೆಕೆಂಡು ಓಡುತ್ತಿರುತ್ತಿತ್ತು. ಗಾದಿ ಅಳೆಯುವ ಟೇಪನ್ನು ಇಷ್ಟಿಷ್ಟೇ ಸರಿಸುತ್ತ, ಮೊಣಕಾಲೂರಿ ಕೂತು ಎದ್ದು, ಅವನು ಸಾವಿರದ ಆರುನೂರು ಮೀಟರನ್ನು ತಾನೇ ಅಳೆದು ಎರಡೂ ತುದಿಗೆ ಸುಣ್ಣದ ಗೆರೆ ಎಳೆದಿದ್ದನಂತೆ. ಅರವತ್ತರ ಮುದುಕ, ಸೊಂಟ ನೋವಿನವನು. ಇದನ್ನು ಅವನ ಹೆಂಡತಿ ಸುಗರಾಬಿ ಝೆರಾಕ್ಸಿಗೆ ಬಂದಾಗ ನಗುತ್ತ ಹೇಳಿದ್ದಳು. ರೋಹಿಣಿಗೆ ನಗು ಬರಲಿಲ್ಲ. ಹುಡುಗಿಯ ಕಾಲುಗಳಿಗಿಂತ ಆ ಅಪ್ಪನ ಮೇಲೆ ಅವಳಿಗೆ ಹೆಚ್ಚು ಹೊಟ್ಟೆಕಿಚ್ಚಾಯಿತು.

ಹುಡುಗಿಯ ಓಟದಲ್ಲಿ ಒಂದು ದೋಷವಿತ್ತು. ಮೊದಲ ಐನೂರು ಮೀಟರು ಕಟ್ಟು ಬಿಚ್ಚಿದ ಕರುವಿನಂತೆ ಹಾರುತ್ತಿದ್ದಳು. ಸಾವಿರ ದಾಟುವಷ್ಟರಲ್ಲಿ ಭುಜ ಬಿಗಿದು ಕಾಲು ಸೋಲುತ್ತಿತ್ತು. ಏಳು ನಿಮಿಷ ಐವತ್ತರ ಕೆಳಗೆ ಇಳಿಯುತ್ತಿರಲಿಲ್ಲ. ಹಾಗೂ ಹೀಗೂ ಎಂಟು ನಿಮಿಷದವರೆಗೆ ತೆಗೆದುಕೊಳ್ಳುತ್ತಾರೆ, ಆದರೆ ಅಂಕ ಕಡಿಮೆ, ಮೇಲಿನ ಪಟ್ಟಿಗೆ ಬರುವುದು ಕಷ್ಟ. ಮದ್ದು ರೋಹಿಣಿಗೆ ಗೊತ್ತಿತ್ತು. ಪ್ರತಾಪನದೂ ಇದೇ ರೋಗವಾಗಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ಬೇವಿನ ಗಿಡದ ಮರೆಯಲ್ಲಿ ನಿಂತು ನೋಡಿ, ಹೇಳದೆ ಮನೆಗೆ ಬಂದಳು. ಮರುದಿನವೂ ಹಾಗೇ ಬಂದಳು.

ಏಪ್ರಿಲ್ ಕಳೆದು ಭರ್ತಿಯ ಮೊದಲ ಹಂತದ ಕಂಪ್ಯೂಟರ್ ಪರೀಕ್ಷೆ ಆಯಿತು. ತಬಸುಮ್ ಪಾಸಾದಳು. ಊರಿನಲ್ಲಿ ಗುಸುಗುಸು ಎದ್ದಿತು. ಮಸೀದಿಯ ಕಟ್ಟೆಯ ಮೇಲೆ ಬಾಷಾಸಾಬ ಎಂಬ ಹಿರಿಯ, ಹುಡುಗಿ ಪ್ಯಾಂಟು ಹಾಕಿಕೊಂಡು ಗಂಡಸರ ನಡುವೆ ಇರಬೇಕಾಗುತ್ತದಲ್ಲ ಎಂದು ಅಕ್ಬರಸಾಬನನ್ನು ಕೇಳಿದನಂತೆ. ಅಕ್ಬರಸಾಬ, ನಿಮ್ಮ ಸೊಸೆ ಹುಬ್ಬಳ್ಳಿಯ ದವಾಖಾನೆಯಲ್ಲಿ ಗಂಡಸರಿಗೆ ಸೂಜಿ ಮಾಡುತ್ತಾಳಲ್ಲ, ಅದು ಹೇಗೋ ಇದೂ ಹಾಗೇ ಎಂದನಂತೆ. ಇತ್ತ ರೋಹಿಣಿಯ ಅಂಗಡಿಯಲ್ಲೂ ಬೆಳೆವಿಮೆಗೆ ಬಂದ ಇಬ್ಬರು ಗೌಡರು, ಸಾಬರ ಹುಡುಗಿಯನ್ನು ಸೈನ್ಯದಲ್ಲಿ ಹೇಗೆ ಇಟ್ಟುಕೊಳ್ಳುತ್ತಾರೋ ಎಂದು ಮಾತು ತೆಗೆದರು. ಅಲ್ಲಿ ಅದೆಲ್ಲ ನೋಡುವುದಿಲ್ಲ, ಎಲ್ಲ ಜಾತಿ ಎಲ್ಲ ಧರ್ಮದವರು ಒಂದೇ ಲಂಗರಿನ ಅಡುಗೆ ಉಣ್ಣುತ್ತಾರೆ ಎಂದು ಪ್ರತಾಪ ನೂರು ಸಲ ಹೇಳಿದ್ದ. ರೋಹಿಣಿ ಅದನ್ನು ಹೇಳಬಹುದಿತ್ತು. ಅದರ ಬದಲು ಅವಳ ಬಾಯಿಂದ ಬಂದದ್ದು ಬೇರೆ.

“ನಾಳೆ ಮದುವಿ ಆದ್ರ ಎಲ್ಲಾ ಬಿಟ್ಟು ಬರ್ತಾಳ ಬಿಡ್ರಿ.”

ಗೌಡರು ನಕ್ಕರು. ಅಪ್ಪ ಬಸ್ಸಿನಲ್ಲಿ ಆಡಿದ ಮಾತು ಹದಿನೆಂಟು ವರ್ಷದ ಮೇಲೆ ತನ್ನ ನಾಲಗೆಯಿಂದ ಹೊರಬಿತ್ತಲ್ಲ ಎಂದು ಅವಳಿಗೆ ಹೊಳೆಯಿತು. ಹೊಳೆದರೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಅಂಗಡಿ ತೆರೆದು ಮೇಲ್ ನೋಡಿದಾಗ ತಬಸುಮ್ ಹೆಸರಿನ ಪ್ರವೇಶಪತ್ರ ಬಂದಿತ್ತು. ಬೆಂಗಳೂರಿನಲ್ಲಿ ಭರ್ತಿ, ಮುಂದಿನ ಬುಧವಾರ ನಸುಕಿನ ನಾಲ್ಕಕ್ಕೆ ಗೇಟಿನಲ್ಲಿರಬೇಕು. ಇನ್ನು ಒಂಬತ್ತು ದಿನ. ಜೊತೆಗೆ ತರಬೇಕಾದ ಕಾಗದಗಳ ಉದ್ದ ಪಟ್ಟಿ: ಕಾಲೇಜಿನಿಂದ ನಡತೆ ಪತ್ರ, ತಹಸೀಲ್ದಾರರಿಂದ ವಾಸಸ್ಥಳದ್ದು, ಪಂಚಾಯಿತಿಯಿಂದ ಅವಿವಾಹಿತೆ ಎಂಬುದರದ್ದು. ಒಂದು ಕಡಿಮೆಯಾದರೂ ಒಳಗೆ ಬಿಡುವುದಿಲ್ಲ. ರೋಹಿಣಿ ಅದನ್ನು ಪೂರ್ತಿ ಓದಿದಳು. ಆಮೇಲೆ ಮೇಲ್ ಮುಚ್ಚಿ, ಮುಂದಿನ ಗಿರಾಕಿಯ ಪಹಣಿ ತೆಗೆಯತೊಡಗಿದಳು.

ಹೇಳಬಾರದೆಂದು ಅವಳು ನಿರ್ಧಾರ ಮಾಡಿರಲಿಲ್ಲ. ಮಧ್ಯಾಹ್ನ ಹೇಳಿದರಾಯಿತು ಎಂದುಕೊಂಡಳು. ಮಧ್ಯಾಹ್ನ ತಬಸುಮ್ ಬಂದು ಏನಾದರೂ ಬಂತೇ ಎಂದು ಕೇಳಿದಳು. ಬಿಸಿಲಿಗೆ ಕೆಂಪಾದ ಮುಖ, ಕಾಲಲ್ಲಿ ಹೊಸ ಬೂಟು. ಅಪ್ಪ ಗದಗಿನಿಂದ ತಂದದ್ದು. ರೋಹಿಣಿ ಆ ಬೂಟು ನೋಡಿದಳು.

“ಇನ್ನಾ ಏನೂ ಬಂದಿಲ್ಲ,” ಎಂದಳು.

ಒಂದು ಸಲ ಹೇಳಿದ ಸುಳ್ಳು ಎರಡನೆಯ ದಿನಕ್ಕೆ ತಾನೇ ದಾರಿ ಮಾಡಿಕೊಂಡಿತು. ಮಂಗಳವಾರ ಇಲ್ಲ, ಗುರುವಾರವೂ ಇಲ್ಲ. ಪ್ರತಿ ಸಲ ಇಲ್ಲ ಎಂದಾಗ ಅವಳಿಗೆ ಒಂದು ಕ್ಷಣ ತಂಪಾಗುತ್ತಿತ್ತು, ಹುಣ್ಣನ್ನು ಕೆರೆದುಕೊಂಡಾಗ ಆಗುವಂಥ ತಂಪು. ಆಮೇಲೆ ಇಡೀ ದಿನ ಉರಿ. ಮನೆಯಲ್ಲಿ ಗೌರೀಶನ ಮೇಲೆ ರೇಗಿದಳು, ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ನನಗೆ ಯಾರೂ ತೆರೆಯದ ಬಾಗಿಲು ಇವಳಿಗೆ ಯಾಕೆ ತೆರೆಯಬೇಕು ಎಂದು ಒಂದು ಮನಸ್ಸು ಕೇಳುತ್ತಿತ್ತು. ನಿನಗೆ ಆ ಬಾಗಿಲು ಮುಚ್ಚಿದವಳು ಇವಳಲ್ಲವಲ್ಲ ಎಂದು ಇನ್ನೊಂದು ಮನಸ್ಸು ಹೇಳುತ್ತಿತ್ತು. ಮೊದಲನೆಯದರ ದನಿ ದೊಡ್ಡದಿತ್ತು.

ಶುಕ್ರವಾರ ಸಂಜೆ ತಬಸುಮ್ ಮತ್ತೆ ಬಂದಳು. ಈ ಸಲ ಅವಳು ಕೇಳಲಿಲ್ಲ, ತಾನೇ ಹೇಳಿದಳು. ಕುಂದಗೋಳದ ಹುಡುಗಿಯೊಬ್ಬಳು ಪರೀಕ್ಷೆಯಲ್ಲಿ ಪರಿಚಯವಾಗಿದ್ದಳು. ಅವಳಿಗೆ ಸೋಮವಾರವೇ ಪ್ರವೇಶಪತ್ರ ಬಂದಿದೆಯಂತೆ.

“ಸ್ಪ್ಯಾಮಿನ್ಯಾಗ ಬಿದ್ದಿರಬೇಕ್ರಿ ಅಕ್ಕಾರ. ಒಮ್ಮೆ ನೋಡ್ರಿ,” ಎಂದಳು ತಬಸುಮ್. ಎಂದವಳೇ ಕುರ್ಚಿಯ ಹಿಂದೆ ಬಂದು ನಿಂತಳು.

ರೋಹಿಣಿ ಹುಡುಕಿದಂತೆ ಮಾಡಿದಳು, ಮೇಲೆ ಹೋದಳು, ಕೆಳಗೆ ಬಂದಳು, ಕೊನೆಗೆ ಅದನ್ನು ತೆರೆದಳು. ಹೌದು ನೋಡು, ಇಲ್ಲೈತಿ ಎಂದು ಹೇಳುವಾಗ ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. ಪ್ರಿಂಟರ್ ಕಾಗದವನ್ನು ಹೊರಗೆ ನೂಕಿತು. ತಬಸುಮ್ ದಿನಾಂಕ ನೋಡಿದಳು, ಕಾಗದಗಳ ಪಟ್ಟಿ ನೋಡಿದಳು. ಅವಳ ಮುಖದ ಕೆಂಪು ಇಳಿದುಹೋಯಿತು. ನಾಳೆ ಶನಿವಾರ, ಆಮೇಲೆ ರವಿವಾರ, ಸೋಮವಾರ. ಮಂಗಳವಾರದ ರೈಲು ಹಿಡಿಯಬೇಕು. ಹುಡುಗಿ ಅಳಲಿಲ್ಲ, ಬೈಯಲೂ ಇಲ್ಲ. ಆಗೂದಿಲ್ಲ ಅನ್ನಿಸ್ತೈತ್ರಿ ಎಂದಷ್ಟೇ ಹೇಳಿ ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು.

ಆ ಮಡಿಚುವುದನ್ನು ರೋಹಿಣಿಗೆ ನೋಡಲಾಗಲಿಲ್ಲ. ಎದ್ದು ಅಂಗಡಿಯ ಬಾಗಿಲು ಎಳೆದಳು.

“ನಾಳೆ ಎಂಟಕ್ಕ ತಯಾರಾಗಿರು,” ಎಂದಳು. “ತಹಸೀಲ ಆಫೀಸಿನ್ಯಾಗ ಯಾವ ಟೇಬಲ್ಲಿಗೆ ಯಾರದಾರ ಅನ್ನೋದು ನಿನಗೇನು ಗೊತ್ತು.”

ಮೂರು ದಿನ ಅಂಗಡಿ ಮುಚ್ಚಿತು. ಗೌರೀಶನ ಸ್ಕೂಟಿಯ ಮೇಲೆ ಹುಡುಗಿಯನ್ನು ಹಿಂದೆ ಕೂರಿಸಿಕೊಂಡು ರೋಹಿಣಿ ಅಣ್ಣಿಗೇರಿಯನ್ನೆಲ್ಲ ಸುತ್ತಿದಳು. ಸಹಿ ಮಾಡುವ ಅಧಿಕಾರಿ ಊಟಕ್ಕೆ ಹೋಗಿದ್ದರೆ ಅವರ ಮನೆ ಬಾಗಿಲಿಗೆ ಹೋಗಿ ಕೂತಳು. ಪ್ರಾಂಶುಪಾಲರು ಬೀಗರ ಮದುವೆಗೆ ಹೋಗಿದ್ದರು. ಕಲ್ಯಾಣಮಂಟಪದ ಊಟದ ಪಂಕ್ತಿಯಲ್ಲೇ ನಡತೆ ಪತ್ರಕ್ಕೆ ಸಹಿ ಹಾಕಿಸಿಕೊಂಡಳು. ಪಂಚಾಯಿತಿಯವನು ಈ ನಮೂನೆಯ ಪತ್ರ ತಾನು ಕೊಟ್ಟೇ ಇಲ್ಲ ಎಂದಾಗ, ಅವನ ಕಂಪ್ಯೂಟರಿನ ಮುಂದೆ ತಾನೇ ಕೂತು ಹೊಡೆದುಕೊಟ್ಟಳು. ಸೋಮವಾರ ನಾಲ್ಕು ಗಂಟೆಗೆ ಕೊನೆಯ ಮುದ್ರೆ ಬಿತ್ತು. ದಾರಿಯುದ್ದಕ್ಕೂ ತಬಸುಮ್ ಅವಳಿಗೆ ಉಪಕಾರದ ಮಾತು ಹೇಳಲಿಲ್ಲ. ರೋಹಿಣಿಗೆ ಅದು ವಿಚಿತ್ರವೆನಿಸಿತು, ಸಮಾಧಾನವೂ ಎನಿಸಿತು.

ಆ ಮೂರೂ ಬೆಳಿಗ್ಗೆ ಇನ್ನೊಂದು ಕೆಲಸ ನಡೆಯಿತು. ಶನಿವಾರ ನಸುಕಿನಲ್ಲಿ ರೋಹಿಣಿ ಬೇವಿನ ಗಿಡದ ಮರೆ ಬಿಟ್ಟು, ಹಳೆಯ ಚೂಡಿದಾರ ಹಾಕಿಕೊಂಡು ಸುಣ್ಣದ ಗೆರೆಯ ಮೇಲೆ ಬಂದು ನಿಂತಳು. ಕಲ್ಲಿನ ಮೇಲಿದ್ದ ಅಕ್ಬರಸಾಬ ಎದ್ದು ನಿಂತ.

“ಏನ್ ರೋಹಿಣವ್ವಾ, ನೀನೂ ಭರ್ತಿಗೆ ಹೊಂಟೀಯೇನು?”

“ನನಗ ವಯಸ್ಸು ಮೀರೇತಿ ಕಾಕಾ,” ಎಂದಳು ಅವಳು. ಹುಡುಗಿಯ ಕಡೆ ತಿರುಗಿ ಹೇಳಿದಳು: “ಮೊದಲಿನ ಆರುನೂರು ಮೀಟರ್ ನೀ ನನ್ನ ಹಿಂದ ಇರಬೇಕು. ಎಷ್ಟ ಹಗರ ಅನ್ನಿಸಿದ್ರೂ ಮುಂದ ಬರಾಂಗಿಲ್ಲ. ಬಂದ್ರ ತಿರುಗಿ ಮೊದಲಿಂದ ಓಡಸ್ತೀನಿ.”

ಮದ್ದು ಅಷ್ಟೇ. ಮೊದಲಿನ ಬಿರುಸನ್ನು ಹಿಡಿದಿಟ್ಟರೆ ಕೊನೆಗೆ ಕಾಲು ಉಳಿಯುತ್ತದೆ. ಆದರೆ ಓಡುವಾಗ ರೋಹಿಣಿಯ ಮನಸ್ಸಿನಲ್ಲಿ ಮದ್ದೂ ಇರಲಿಲ್ಲ, ದಯೆಯೂ ಇರಲಿಲ್ಲ. ಹಿಂದೆ ಆ ಹೊಸ ಬೂಟುಗಳ ಸಪ್ಪಳ ಕೇಳುತ್ತಿತ್ತು, ಮತ್ತು ಅದು ಹಿಂದೆಯೇ ಇತ್ತು. ಮೂವತ್ತೇಳರ ಮೈ ಕುಲುಕಾಡಿತು, ಮೊಣಕಾಲು ಚುಳುಕೆಂದಿತು, ಎದೆ ಒಡೆಯುವಂತಾಯಿತು. ಈ ಹುಡುಗಿ ತನ್ನನ್ನು ದಾಟಬಾರದು, ಇನ್ನೂ ನೂರು ಹೆಜ್ಜೆ ದಾಟಬಾರದು ಎಂಬ ಒಂದೇ ಹಟದಿಂದ ಅವಳು ಓಡಿದಳು. ಹದಿನೆಂಟು ವರ್ಷದಲ್ಲಿ ಅವಳಿಗೆ ಅಷ್ಟು ಸುಖ ಸಿಕ್ಕಿರಲಿಲ್ಲ. ಆರುನೂರು ಮೀಟರು ಮುಗಿದಾಗ ಹೋಗು ಎಂದು ಕೈ ಬೀಸಿದಳು. ತಬಸುಮ್ ಬಾಜುವಿನಿಂದ ಗಾಳಿಯಂತೆ ದಾಟಿಹೋದಳು. ರೋಹಿಣಿ ರಸ್ತೆಯ ನಡುವೆ ಮೊಣಕಾಲ ಮೇಲೆ ಕೈಯೂರಿ ನಿಂತು, ದೂರ ದೂರ ಹೋಗುವ ಆ ಬೆನ್ನನ್ನು ನೋಡಿದಳು. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು.

ಮೊದಲ ದಿನ ಏಳು ನಿಮಿಷ ನಲವತ್ತು. ಎರಡನೆಯ ದಿನ ಮೂವತ್ತೊಂದು. ಸೋಮವಾರ ಬೆಳಿಗ್ಗೆ ಅಕ್ಬರಸಾಬ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, ನಂಬಿಕೆಯಾಗದೆ ರೋಹಿಣಿಗೆ ತೋರಿಸಿದ. ಏಳು ನಿಮಿಷ ಇಪ್ಪತ್ತಮೂರು. ಆತ ಬಾಯಲ್ಲಿ ದೇವರ ಹೆಸರು ಹೇಳಿಕೊಳ್ಳುತ್ತ ಮಗಳ ಬೆನ್ನು ತಟ್ಟಿದ. ಆಮೇಲೆ ರೋಹಿಣಿಯ ತಲೆಯ ಮೇಲೂ ಕೈ ಇಟ್ಟ. ಗಾದಿ ಹೊಲಿದು ಒರಟಾದ ಕೈ. ಅವಳು ಒಂದು ಗಳಿಗೆ ಆ ಕೈಯ ಕೆಳಗೆ ಕಲ್ಲಿನಂತೆ ನಿಂತಳು. ಬೇಗ ಹೋಗಬೇಕು, ಪಂಚಾಯಿತಿ ತೆರೆಯುವ ಹೊತ್ತಿಗೆ ಅಲ್ಲಿರಬೇಕು ಎಂದು ತಿರುಗಿದಳು.

ಬೆಂಗಳೂರಿನಲ್ಲಿ ಎಲ್ಲವೂ ಚೆನ್ನಾಗಿ ಆಯಿತು. ಓಟದಲ್ಲಿ ಏಳು ನಿಮಿಷ ಹದಿನೆಂಟು, ಜಿಗಿತದಲ್ಲಿ ಪಾಸು, ವೈದ್ಯರ ತಪಾಸಣೆಯಲ್ಲಿ ಪಾಸು. ತಿಂಗಳುಗಳ ಮೇಲೆ ಪಟ್ಟಿ ಬಂದಾಗ ಅದರಲ್ಲಿ ಶಲವಡಿಯ ಹುಡುಗಿಯ ನಂಬರಿತ್ತು. ಈ ಸಲ ರೋಹಿಣಿ ಪಟ್ಟಿ ನೋಡಿದ ಗಳಿಗೆಯಲ್ಲೇ ಚಪ್ಪಲಿ ಮೆಟ್ಟಿಕೊಂಡು ಅಕ್ಬರಸಾಬನ ಮನೆಗೆ ನಡೆದಳು. ಸುಗರಾಬಿ ಅವಳ ಕೈ ಹಿಡಿದು ಅತ್ತಳು. ಕಟ್ಟೆಯ ಮೇಲಿದ್ದ ಬಾಷಾಸಾಬನೇ ಎದ್ದುಹೋಗಿ ಪೇಢೆ ತಂದ. ಗೌಡರೂ ಪಂಚಾಯಿತಿಯಲ್ಲಿ ಸತ್ಕಾರ ಇಟ್ಟುಕೊಂಡು, ನಮ್ಮೂರಿನ ಹುಡುಗಿ ಎಂದು ಭಾಷಣ ಮಾಡಿದರು. ಹಾರ, ಶಾಲು, ಫೋಟೋ. ರೋಹಿಣಿ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು. ಆ ಹಾರದ ಮೇಲಿದ್ದ ಅವಳ ಕಣ್ಣು ಕೊನೆಯವರೆಗೂ ಕದಲಲಿಲ್ಲ.

ತರಬೇತಿಗೆ ಹೊರಡುವ ಹಿಂದಿನ ದಿನ ತಬಸುಮ್ ಕಾಗದಗಳ ಝೆರಾಕ್ಸಿಗೆ ಬಂದಳು. ಅಂಗಡಿಯಲ್ಲಿ ಇಬ್ಬರೇ. ರೋಹಿಣಿ ಕಾಗದಗಳನ್ನು ಜೋಡಿಸಿ ಪಿನ್ನು ಹೊಡೆಯುತ್ತ, ತಲೆ ಎತ್ತದೆ ಹೇಳಿದಳು.

“ಅವತ್ತು ಅದು ಸ್ಪ್ಯಾಮಿನ್ಯಾಗ ಬಿದ್ದಿರಲಿಲ್ಲ ತಬಸುಮ್. ಸೋಮವಾರನ ನಾ ನೋಡಿದ್ದೆ.”

“ನನಗ ಗೊತ್ತೈತ್ರಿ ಅಕ್ಕಾರ.”

ರೋಹಿಣಿ ತಲೆ ಎತ್ತಿದಳು.

“ಓದದ ಮೇಲ್ ದಪ್ಪ ಅಕ್ಷರದಾಗ ಕಾಣತಾವ್ರಿ. ಅದು ತೆಳ್ಳಗ ಕಾಣತಿತ್ತು. ಯಾರೋ ತೆಗದು ಓದ್ಯಾರ ಅಂತ ಅವಾಗ್ಲೇ ತಿಳೀತು.”

“ಮತ್ತ ಯಾಕ ಸುಮ್ಮನಿದ್ದಿ?”

“ಜಗಳಾಡಿದ್ರ ಕಾಗದ ಯಾರು ಮಾಡಿಸಿಕೊಡ್ತಿದ್ರು? ನಿಮ್ಮಷ್ಟು ಆಫೀಸು ತಿಳಿದೋರು ಊರಾಗ ಯಾರದಾರ್ರಿ?” ಎಂದಳು ತಬಸುಮ್. ಆಮೇಲೆ, ಇದನ್ನೂ ಹೇಳಿಬಿಡೋಣ ಎಂಬಂತೆ ಸೇರಿಸಿದಳು: “ಅಪ್ಪಾಗ ಹೇಳಿಲ್ರಿ. ಅವರು ಭಾಳ ನೊಂದ್ಕೋತಾರ. ನನಗೂ ಸಿಟ್ಟು ಪೂರ್ತಿ ಹೋಗಿಲ್ಲ.”

ಯಾಕೆ ಮಾಡಿದಿರಿ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ರೋಹಿಣಿ ಆರು ನಿಮಿಷ ಹತ್ತು ಸೆಕೆಂಡಿನ ವಿಷಯ ಹೇಳುತ್ತಿದ್ದಳೇನೋ. ಕೇಳದಿದ್ದರೂ ಹೇಳಬೇಕೆನಿಸಿತು, ಹೇಳಿದರೆ ಮಾಡಿದ ತಪ್ಪಿಗೆ ನೆವ ಹೇಳಿದಂತೆ ಎಂದು ಸುಮ್ಮನಾದಳು. ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೈಗಿಟ್ಟಳು. ಅಲ್ಲಿ ಚಳಿ ಇರುತ್ತದೆ, ಕಾಲಿಗೆ ಎಣ್ಣೆ ಹಚ್ಚಿಕೊಂಡು ಮಲಗು ಎಂದಳು. ಹುಡುಗಿ ಹೂಂ ಎಂದು ಹೋದಳು.

ಆ ವರ್ಷದ ಕೊನೆಗೆ ಪ್ರತಾಪ ರಜೆಯ ಮೇಲೆ ಬಂದ. ಊರಿನ ಹುಡುಗಿಯೊಬ್ಬಳು ಸೇರಿದ್ದು ಕೇಳಿ ಖುಷಿಪಟ್ಟ, ಯಾರು ತಯಾರು ಮಾಡಿದರು ಎಂದು ಕೇಳಿದ. ಗೌರೀಶ ಹೆಂಡತಿಯ ಕಡೆ ಬೆರಳು ತೋರಿಸಿದ. ಪ್ರತಾಪ ಅಕ್ಕನನ್ನು ಬಹಳ ಹೊತ್ತು ನೋಡಿದ. ಏನೋ ಹೇಳಲು ಬಾಯಿ ತೆರೆದು ಚಹಾದ ಲೋಟ ಎತ್ತಿಕೊಂಡ. ನನ್ನನ್ನೂ ನೀನೇ ತಯಾರು ಮಾಡಿದ್ದೆ ಎಂಬ ಒಂದು ಮಾತು ಅವಳಿಗೆ ಬೇಕಿತ್ತು. ಅದು ಬರಲಿಲ್ಲ.

ಮುಂದಿನ ಮಾರ್ಚಿನಲ್ಲಿ ನಾಲ್ವರು ಹುಡುಗಿಯರು ಅರ್ಜಿ ಹಾಕಲು ಬಂದರು, ಇಬ್ಬರು ನವಲಗುಂದದ ಕಡೆಯವರು. ರೋಹಿಣಿ ಅರ್ಜಿಗೆ ಮೊದಲು ಒಬ್ಬೊಬ್ಬರಿಗೂ ಅವರವರ ಹೆಸರಿನಲ್ಲಿ ಮೇಲ್ ಮಾಡಿಕೊಟ್ಟಳು, ಪಾಸ್‌ವರ್ಡನ್ನು ತಾನು ನೋಡದಂತೆ ಅವರ ಕೈಯಿಂದಲೇ ಹೊಡೆಸಿದಳು. ಇಷ್ಟು ತಾಪತ್ರಯ ಯಾಕ್ರಿ ಅಕ್ಕಾರ, ನಿಮ್ಮ ಮೇಲನ್ನೇ ಹಾಕಿ ಎಂದಿತು ಒಂದು ಹುಡುಗಿ. ಬ್ಯಾಡ, ನನ್ನ ಮೇಲೆ ಅಷ್ಟು ನಂಬಿಕೆ ಇಡಬ್ಯಾಡ್ರಿ ಎಂದಳು ರೋಹಿಣಿ. ಹುಡುಗಿಯರು ಅದನ್ನು ಚೇಷ್ಟೆಯೆಂದು ತಿಳಿದು ನಕ್ಕರು.

ಅದೇ ವಾರ ಅಕ್ಬರಸಾಬ ಒಂದು ಫೋಟೋ ಹಿಡಿದು ಬಂದ. ಹಸಿರು ಸಮವಸ್ತ್ರ, ಕೆಂಪು ಟೊಪ್ಪಿಗೆ, ಪಕ್ಕದಲ್ಲಿ ಬೇರೆ ಬೇರೆ ಸೀಮೆಯ ಹುಡುಗಿಯರ ಸಾಲು. ಸ್ವಲ್ಪ ದೊಡ್ಡದು ಮಾಡಿ ಲ್ಯಾಮಿನೇಷನ್ ಮಾಡಿಕೊಡವ್ವಾ ಎಂದ. ರೋಹಿಣಿ ಫೋಟೋವನ್ನು ಪರದೆಯ ಮೇಲೆ ತುಂಬ ಹೊತ್ತು ನೋಡಿದಳು. ಹೊಟ್ಟೆಯೊಳಗಿನ ಕಿಚ್ಚು ಎಲ್ಲೂ ಹೋಗಿರಲಿಲ್ಲ. ಪ್ಲಾಸ್ಟಿಕ್ ಹಾಳೆಯ ನಡುವೆ ಫೋಟೋ ಇಟ್ಟು, ಒಂದು ಗುಳ್ಳೆಯೂ ಏಳದಂತೆ ಅಂಗೈಯಿಂದ ನಿಧಾನವಾಗಿ ಸವರಿ, ಅವಳು ಅದನ್ನು ಮಶೀನಿನೊಳಗೆ ಬಿಟ್ಟಳು.